ಮಗ್ಗದ ತುರುಬಿನೊಳಗೆ

ನಾನು ಒಂದು ಚೌರಿ. ನಮ್ಮ ಕಡೆ ಗಂಗಾವನ ಎಂದೂ ಕರೆಯುತ್ತಾರೆ. ಹೆಂಗಸರ ಕೂದಲು ತೆಳ್ಳಗಾದಾಗ ಜಡೆಯೊಳಗೆ ಹೆಣೆದುಕೊಂಡೋ ತುರುಬಿನೊಳಗೆ ಸುತ್ತಿಕೊಂಡೋ ಇಲ್ಲದ್ದನ್ನು ಇದೆ ಎಂದು ತೋರಿಸುವುದು ನನ್ನ ಕಸುಬು. ಅದು ಸುಳ್ಳಿನ ಕಸುಬು ಎಂದು ಯಾರಾದರೂ ಅಂದರೆ ನಾನು ಜಗಳಕ್ಕೆ ಬರುವುದಿಲ್ಲ. ಆದರೆ ನನ್ನ ಮೈಯೊಳಗಿನ ಕೂದಲು ಸುಳ್ಳಲ್ಲ. ಅದರಲ್ಲಿ ಒಂದು ಎಳೆಯನ್ನೂ ಯಾರೂ ಕತ್ತರಿಸಿದ್ದಲ್ಲ. ಎಲ್ಲವೂ ಒಬ್ಬಳೇ ಹೆಣ್ಣುಮಗಳ ತಲೆಯಿಂದ ತಾವಾಗಿ ಉದುರಿದವು.

ಬೇರೆ ವಸ್ತುಗಳಿಗೆ ಹುಟ್ಟಿದ ದಿನ ಎಂದು ಒಂದಿರುತ್ತದೆ. ನಾನು ಹುಟ್ಟುವುದಕ್ಕೆ ವರ್ಷಗಟ್ಟಲೆ ಬೇಕಾಯಿತು. ನನ್ನ ಒಡತಿ ನೀಲಗಂಗವ್ವ ಬಾದಾಮಿಯ ಆಚೆ ಖಣ ನೇಯುವ ಒಂದು ಊರಿಗೆ ಸೊಸೆಯಾಗಿ ಬಂದಾಗ ಅವಳ ಜಡೆ ಸೊಂಟ ದಾಟುತ್ತಿತ್ತಂತೆ. ಉದುರಿದ ಕೂದಲನ್ನು ಕಂಡಲ್ಲಿ ಚೆಲ್ಲಬಾರದು, ಕಾಲಿಗೆ ತೊಡರಿದರೆ ಮನೆಯಲ್ಲಿ ಜಗಳ ಹುಟ್ಟುತ್ತದೆ ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದಳು. ಹಾಗಾಗಿ ನೀಲಗಂಗವ್ವ ದಿನವೂ ಬಾಚಣಿಗೆಗೆ ಬಂದದ್ದನ್ನು ಬೆರಳಿಗೆ ಸುತ್ತಿ, ಉಂಡೆ ಮಾಡಿ, ಹಿತ್ತಲ ಗೋಡೆಯ ಗೂಡಿನಲ್ಲಿದ್ದ ಹಳೆಯ ಸಂಚಿಗೆ ತುರುಕುತ್ತಿದ್ದಳು. ಆ ಸಂಚಿಯೇ ನನಗೆ ತಾಯಿಯ ಹೊಟ್ಟೆ.

ಅದರೊಳಗೆ ಕೂತು ನಾನು ಕಂಡದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ತಲೆ ಎಂಬುದು ಎಂಥ ಸೋಜಿಗದ ಹೊಲ. ಮೊದಲ ಮಗು ಹುಟ್ಟಿದಾಗ ಒಂದು ಕೂದಲೂ ಹೆಚ್ಚಿಗೆ ಉದುರಲಿಲ್ಲ. ಕೂಸು ಕತ್ತು ನಿಲ್ಲಿಸಿ ನಗಲು ಕಲಿತ ಮೇಲೆ ಮುಷ್ಟಿ ಮುಷ್ಟಿ ಬಂತು. ಟೈಫಾಯಿಡ್ ಬಂದಾಗಲೂ ಹಾಗೆಯೇ. ಜ್ವರ ಬಿಟ್ಟು, ಬಾಯಿಗೆ ರುಚಿ ಹತ್ತಿ, ನೀಲಗಂಗವ್ವ ರೊಟ್ಟಿ ಉಣ್ಣತೊಡಗಿದ ಮೇಲೆ ಸಂಚಿ ತುಂಬತೊಡಗಿತು. ಅವಳ ಅಪ್ಪ ತೀರಿಕೊಂಡ ದುಃಖವೂ ಅವಳ ತಲೆಗೆ ತಿಂಗಳುಗಳ ಮೇಲೆಯೇ ಮುಟ್ಟಿತು. ಮನಸ್ಸು ಮರೆಯಲು ಹೊರಟಾಗ ಕೂದಲು ನೆನಪು ಮಾಡಿಕೊಳ್ಳುತ್ತದೆ. ಇನ್ನೂ ಸೋಜಿಗವೆಂದರೆ, ಹಾಗೆ ಸುರಿದದ್ದೆಲ್ಲ ಮತ್ತೆ ಹುಟ್ಟಿ ಬರುತ್ತಿತ್ತು. ಯಾರೂ ಬಿತ್ತದೆ, ನೀರು ಬಿಡದೆ, ಕೇಳದೆ.

ಆದರೆ ಈ ಹೊಳೆಗಳ ಜೊತೆಗೆ ಒಂದು ಸಣ್ಣ ಒರತೆಯೂ ಇತ್ತು. ದಿನವೂ ಎರಡೋ ಮೂರೋ, ಗಿಡ್ಡ ಕೂದಲು, ಹಣೆಯ ಅಂಚಿನಿಂದ, ಕಿವಿಯ ಮೇಲಿನ ಕಣತಲೆಯಿಂದ ಬರುತ್ತಿದ್ದವು. ಜ್ವರವಿಲ್ಲ, ಬಾಣಂತನವಿಲ್ಲ, ಆದರೂ ಬರುತ್ತಿದ್ದವು. ಅವು ಬಂದ ಜಾಗಕ್ಕೆ ಬೇರೆ ಹುಟ್ಟುತ್ತಿರಲಿಲ್ಲ. ಅಷ್ಟು ಸಾವಕಾಶವಾಗಿ ಹೋಗುವುದನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ? ನೀಲಗಂಗವ್ವ ಸೆರಗನ್ನು ಒಂದು ಬೆರಳಿನಷ್ಟು ಮುಂದಕ್ಕೆ ಎಳೆದುಕೊಂಡಳು. ಕೆಲವು ವರ್ಷದ ಮೇಲೆ ಇನ್ನೊಂದು ಬೆರಳು.

ಒಂದು ದಿನ ಓಣಿಗೆ ಕೂದಲು ಕೊಳ್ಳುವ ಹೆಂಗಸು ಬಂದಳು. ಸೂಜಿ, ಪಿನ್ನು, ಸ್ಟೀಲಿನ ಬಟ್ಟಲು ಕೊಟ್ಟು ಉದುರಿದ ಕೂದಲನ್ನು ಒಯ್ಯುವವಳು. ನೀಲಗಂಗವ್ವ ಸಂಚಿ ತಂದಿಟ್ಟಳು. ಬಟ್ಟಲನ್ನು ಮಾತ್ರ ಮುಟ್ಟಲಿಲ್ಲ. "ಇದನ್ನ ಒಯ್ಯಬ್ಯಾಡ. ನನಗೊಂದು ಗಂಗಾವನ ಮಾಡಿಕೊಡು" ಅಂದಳು. ಆ ಹೆಂಗಸು ಕಟ್ಟೆಯ ಮೇಲೆ ಕೂತು, ಅಂಟುವಾಳದ ನೊರೆಯಲ್ಲಿ ನನ್ನನ್ನು ತೊಳೆದು, ಸೂಜಿಯಿಂದ ಸಿಕ್ಕು ಬಿಡಿಸಿ, ಉದ್ದ ಕೂದಲನ್ನೆಲ್ಲ ಒಂದೇ ದಿಕ್ಕಿಗೆ ಸೇರಿಸಿ, ಕರಿಯ ದಾರದಿಂದ ಬಿಗಿದು ಜಡೆಗೆ ಹೆಣೆಯಲು ಮೂರು ಕಾಲು ಮಾಡಿದಳು. ಗಿಡ್ಡ ಕೂದಲೆಲ್ಲ ಕಸಕ್ಕೆ ಹೋದವು. ನೀಲಗಂಗವ್ವ ನನ್ನನ್ನು ತುರುಬಿಗೆ ಸುತ್ತಿಕೊಂಡು, "ತಲಿಯಿಂದ ಹೋದದ್ದು ತಲಿಗೇ ಬಂತು" ಎಂದು ನಕ್ಕಳು.

ಈಗ ಆ ಓಣಿಯ ತುರುಬಿನ ಕತೆ ಹೇಳಬೇಕು. ಖಣ ಎಂದರೆ ಕುಪ್ಪಸದ ಬಟ್ಟೆ ಅಷ್ಟೇ ಅಲ್ಲ. ದೇವಿಗೆ ಉಡಿ ತುಂಬುವುದು ಅದರಿಂದಲೇ, ಮುತ್ತೈದೆಗೆ ಕೊಡುವುದು ಅದನ್ನೇ. ಅಂಥ ಬಟ್ಟೆಯೊಳಗೆ ಒಂದು ಕೂದಲು ನೇಯ್ದು ಹೋದರೆ ಅಪಶಕುನ. ಮಗ್ಗಕ್ಕೆ ಕೂತ ಹೆಂಗಸು ಮುಂದೆ ಬಾಗಿ ಲಾಳಿ ಒಗೆಯುವಾಗ ತಲೆಯಿಂದ ಒಂದು ಎಳೆ ಮಗ್ಗಕ್ಕೆ ಬಿಗಿದ ಹಾಸುನೂಲಿನ ಮೇಲೆ ಜಾರಿದರೆ ಸಾಕು, ಕಣ್ಣು ಮಿಟುಕಿಸುವುದರೊಳಗೆ ಅದು ಬಟ್ಟೆಯಾಗಿರುತ್ತದೆ. ಅದಕ್ಕೇ ಆ ಓಣಿಯ ಅತ್ತೆಯರು ಹೊಸ ಸೊಸೆಯನ್ನು ಮಗ್ಗಕ್ಕೆ ಕೂರಿಸುವ ಮೊದಲು ತಾವೇ ತಲೆ ಬಾಚಿ, ಎಣ್ಣೆ ಹಚ್ಚಿ, ಕೂದಲನ್ನೆಲ್ಲ ಹಿಂದಕ್ಕೆ ಜಗ್ಗಿ ತುರುಬು ಕಟ್ಟುತ್ತಿದ್ದರು. ಹುಬ್ಬು ಮೇಲಕ್ಕೆ ಏರಬೇಕು, ಕಣ್ಣು ಸೀಳಿದ ಹಾಗಾಗಬೇಕು, ಆಗ ಅದು ಮಗ್ಗದ ತುರುಬು. ಅದು ಶಿಕ್ಷೆಯಲ್ಲ, ಆಶೀರ್ವಾದ. ಕಟ್ಟಿದ ಮೇಲೆ ಹಣೆಗೆ ಕುಂಕುಮ ಹಚ್ಚಿ ಬಾಯಿಗೆ ಸಕ್ಕರೆ ಹಾಕುತ್ತಿದ್ದರು.

ಕೆಲವೇ ದಿನಗಳಲ್ಲಿ ನಾನು ಓಣಿಯ ಸೊತ್ತಾದೆ. ಮದುವೆ, ಸೀಮಂತ ಎಂದರೆ ಯಾರಾದರೊಬ್ಬರು ಹಿತ್ತಲ ಬಾಗಿಲಿಗೆ ಬಂದು ಸೆರಗಿನಡಿ ನನ್ನನ್ನು ಒಯ್ಯುತ್ತಿದ್ದರು. ಒಯ್ಯುವಾಗ ಒಂದು ಕಾರಣವನ್ನೂ ಹೇಳಿಯೇ ಒಯ್ಯುತ್ತಿದ್ದರು. ಪಕ್ಕದ ಮನೆಯ ತುಂಗವ್ವನದು ನಾದಿನಿಯ ಕಣ್ಣು. "ನಾ ತಲಿ ಹಿಕ್ಕೊಂಡು ಕುಂತಾಗ ನೋಡಿಬಿಟ್ಲು ನೋಡ್ರಿ, ಅವತ್ತಿನಿಂದ ಹಣಿ ಹಿಂದಕ್ಕ ಹೊಂಟೈತಿ" ಎನ್ನುವಳು. ಇನ್ನೊಬ್ಬಳದು ಬೋರಿನ ನೀರು, ಮತ್ತೊಬ್ಬಳದು ಪೇಟೆಯ ಸಾಬೂನು, ಮಗದೊಬ್ಬಳದು ಕುಡುಕ ಗಂಡನ ಚಿಂತೆ. "ನಮ್ಮ ತವರಮನಿ ರಕ್ತನ ಹಂಗ" ಎಂದು ನೀಲಗಂಗವ್ವ ತನ್ನದನ್ನೂ ಸೇರಿಸುವಳು. ತಲೆಗೊಂದು ಮಾತು. ನಾನು ಅಷ್ಟೂ ತಲೆಗಳ ಮೇಲೆ ಕೂತವನು. ಎಲ್ಲ ತಲೆಗಳಲ್ಲೂ ಹಣೆಯ ಅಂಚು ಒಂದೇ ರೀತಿಯಲ್ಲಿ ನುಣ್ಣಗಾಗಿತ್ತು. ಆದರೆ ಚೌರಿಗೆ ಬಾಯಿಲ್ಲ.

ಕಸ್ತೂರಿ ಈ ಮನೆಗೆ ಸೊಸೆಯಾಗಿ ಬಂದದ್ದು ಹುನಗುಂದದ ಕಡೆಯ ಒಕ್ಕಲುತನದ ಮನೆಯಿಂದ. ಮಗ್ಗವನ್ನು ಕಣ್ಣಿಂದಲೂ ಕಂಡವಳಲ್ಲ. ಕೂದಲು ಮಾತ್ರ ನೋಡುವಂತಿತ್ತು, ಬಾಚಣಿಗೆ ಮುರಿಯುವಷ್ಟು ದಟ್ಟ. ಕೂದಲಿದ್ದವಳು ಹೇಗೆ ಬೇಕಾದರೂ ತುರುಬು ಕಟ್ಟುತ್ತಾಳೆ ಎಂಬ ಗಾದೆಯನ್ನು ಓಣಿಯ ಹೆಂಗಸರು ಅವಳನ್ನು ನೋಡಿ ಹೊಟ್ಟೆಕಿಚ್ಚಿನಿಂದ ಆಡಿಕೊಂಡರು. ನೀಲಗಂಗವ್ವ ಮೊದಲ ದಿನ ಅವಳಿಗೆ ಮಗ್ಗದ ತುರುಬು ಕಟ್ಟಿದಾಗ ಕಸ್ತೂರಿಯ ಕಣ್ಣಲ್ಲಿ ನೀರು ಬಂತು. "ರೂಢಿ ಆಗ್ತೈತಿ ಯವ್ವಾ" ಎಂದು ಅತ್ತೆ ಬೆನ್ನು ಸವರಿದಳು.

ರೂಢಿಯಾಯಿತು. ಮಗ್ಗವೂ ಒಲಿಯಿತು. ಅವಳು ಮಗ್ಗದ ಕೆಳಗಿನ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಕೈಗೂ ಕಾಲಿಗೂ ನಡುವೆ ಏನೋ ಮಾತುಕತೆ ನಡೆದ ಹಾಗೆ ಇರುತ್ತಿತ್ತು. ಅಂಚಿನಲ್ಲಿ ತೇರಿನ ಚಿತ್ತಾರದ ಸಾಲನ್ನು ಅವಳ ಹಾಗೆ ಎತ್ತುವವರು ಓಣಿಯಲ್ಲಿ ಇರಲಿಲ್ಲ. ಅವಳ ಗಂಡನೇ ತನ್ನ ಮಗ್ಗ ನಿಲ್ಲಿಸಿ ಬಂದು ನೋಡುತ್ತಿದ್ದ. ತವರಿನಲ್ಲಿ ಆರು ಹೆಣ್ಣುಮಕ್ಕಳ ನಡುವೆ ಹೆಸರೂ ಇಲ್ಲದೆ ಬೆಳೆದ ಹುಡುಗಿಗೆ ಇಲ್ಲಿ 'ಕಸ್ತೂರಿಯ ಖಣ' ಎಂದು ಗುರುತು ಹಿಡಿದು ಕೇಳುವವರು ಹುಟ್ಟಿಕೊಂಡರು.

ಮಗಳು ಹುಟ್ಟಿ ಕೆಲವು ತಿಂಗಳಾದ ಮೇಲೆ ಅವಳ ಕೂದಲು ಸುರಿಯಿತು. ಅದು ನನಗೆ ಪರಿಚಯದ ಹೊಳೆ, ನಾನು ಹೆದರಲಿಲ್ಲ. ಬಂದ ಹಾಗೆ ಹೋಯಿತು, ತಲೆ ಮತ್ತೆ ತುಂಬಿತು. ಆದರೆ ಹಣೆಯ ಅಂಚು ತುಂಬಲಿಲ್ಲ. ಎರಡೂ ಕಣತಲೆಯ ಮೇಲೆ ಬೆಳ್ಳನೆಯ ಚರ್ಮ ಕಾಣತೊಡಗಿತು. ನೀಲಗಂಗವ್ವ ನನ್ನನ್ನು ಬಿಚ್ಚಿ, ತೊಳೆದು, ಸೊಸೆಯ ತುರುಬಿಗೆ ಸುತ್ತಿದಳು. ಆಗಿನಿಂದ ನನ್ನ ಭಾರವೂ ಆ ಬೇರುಗಳ ಮೇಲೆ ಬಿತ್ತು.

ಹೀಗಿರುವಾಗ, ದೇವಿಯ ಉಡಿಗೆಂದು ಒಯ್ದಿದ್ದ ಖಣವೊಂದನ್ನು ಒಬ್ಬ ಹೆಂಗಸು ವಾಪಸು ತಂದಳು. ಹಸಿರು ಅಂಚಿನೊಳಗೆ ಒಂದು ಗಿಡ್ಡ ಕರಿಯ ಕೂದಲು ಸೇರಿತ್ತು. ಬೈಯಲಿಲ್ಲ ಆಕೆ. ಖಣವನ್ನು ಕಟ್ಟೆಯ ಮೇಲಿಟ್ಟು ಹೋದಳು, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು. ಕೂದಲು ನಿಲ್ಲುವ ತನಕ ಸೊಸೆಯನ್ನು ಮಗ್ಗದಿಂದ ಇಳಿಸುವುದು ಮೇಲು ಎಂದು ಹಿರಿಯರು ಮನೆಗೆ ಬಂದು ಹೇಳಿದರು.

ಅವರು ಹೋದ ಮೇಲೆ ಕಸ್ತೂರಿ ಮಗ್ಗದ ಮುಂದೆಯೇ ಕೂತಿದ್ದಳು. "ಅತ್ಯಾರ, ಮಗ್ಗ ಇಳದ ಮ್ಯಾಲೆ ನಾ ಈ ಮನ್ಯಾಗ ಯಾರ್ರಿ?" ಅಂದಳು.

ನೀಲಗಂಗವ್ವ ಅವಳ ಪಕ್ಕಕ್ಕೆ ಬಂದು ಕೂತಳು. "ಇಳೀಬ್ಯಾಡ. ನಾಳಿಂದ ನಿನ್ನ ತುರುಬು ನಾನ ಕಟ್ತೀನಿ. ಹೆಂಗ ಒಂದ ಎಳಿ ಜಾರತೈತಿ ನೋಡೂಣು" ಅಂದಳು.

ಮರುದಿನದಿಂದ ಬೆಳಕು ಹರಿಯುವ ಮೊದಲೇ ಅತ್ತೆ ಸೊಸೆಯನ್ನು ಮೊಣಕಾಲ ನಡುವೆ ಕೂರಿಸಿಕೊಂಡು ಜಗ್ಗಿ ಜಗ್ಗಿ ಕಟ್ಟುತ್ತಿದ್ದಳು. ಪ್ರೀತಿಯಿಂದಲೇ ಕಟ್ಟುತ್ತಿದ್ದಳು, ಅದೇ ನನಗೆ ಸಂಕಟ. ಸೊಸೆಯ ಮಗ್ಗ ಉಳಿಯಲಿ ಎಂದು ಎಳೆದಷ್ಟೂ ಬೇರುಗಳು ಸಡಿಲವಾಗುತ್ತಿದ್ದವು. ಹಣೆಯ ಅಂಚಿನಲ್ಲಿ ಸಣ್ಣ ಕೆಂಪು ಗುಳ್ಳೆಗಳು ಎದ್ದವು. ಕಸ್ತೂರಿ ಮಲಗುವಾಗ ತಲೆ ನೋವೆಂದು ಹಣೆಗೆ ಬಟ್ಟೆ ಬಿಗಿಯುತ್ತಿದ್ದಳು. ದಾಸವಾಳದ ಎಲೆ ಅರೆದು ಹಚ್ಚಿದರು, ಈರುಳ್ಳಿ ರಸ ಹಚ್ಚಿದರು, ಉಪ್ಪು ಮೆಣಸಿನಕಾಯಿ ನಿವಾಳಿಸಿದರು, ಬೋರಿನ ನೀರು ಬಿಟ್ಟು ಬಾವಿಯ ನೀರು ಹೊತ್ತರು. ಈರುಳ್ಳಿ ನಾತಕ್ಕೆ ಕಸ್ತೂರಿಯ ಗಂಡ ಎರಡು ದಿನ ಪಡಸಾಲೆಯಲ್ಲಿ ಮಲಗಿದ. ಕೂದಲು ಮಾತ್ರ ತನ್ನ ಪಾಡಿಗೆ ತಾನು ಹೋಗುತ್ತಿತ್ತು.

ಕೊನೆಗೆ ಬಾಗಲಕೋಟೆಯ ಚರ್ಮದ ಡಾಕ್ಟರಬಾಯಿಯ ಹತ್ತಿರ ಹೋದರು. ಆಕೆ ವಯಸ್ಸಿನಲ್ಲಿ ಕಸ್ತೂರಿಗಿಂತ ತುಸು ದೊಡ್ಡವಳು. ಜ್ವರ ಬಂದಿತ್ತೇ, ತಿಂಗಳು ತಿಂಗಳು ಸರಿಯಾಗಿ ಆಗುತ್ತದೆಯೇ, ಏನು ಉಣ್ಣುತ್ತೀ, ನಿದ್ದೆ ಬರುತ್ತದೆಯೇ ಎಂದು ಒಂದೂ ಬಿಡದೆ ಕೇಳಿದಳು. ರಕ್ತ ತೆಗೆಸಿದಳು. ಎರಡನೆಯ ಸಲ ಹೋದಾಗ ನನ್ನನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಲೆನ್ಸು ಹಿಡಿದು ಹಣೆಯ ಅಂಚನ್ನು ಬಹಳ ಹೊತ್ತು ನೋಡಿದಳು.

"ಕೂದಲ ಉದರಾಕ ಭಾಳ ಕಾರಣ ಇರ್ತಾವ್ರಿ ಅವ್ವಾರ" ಎಂದು ನೀಲಗಂಗವ್ವನ ಕಡೆ ತಿರುಗಿದಳು. "ಜಡ್ಡು ಬಂದು ಹೋದ್ರ, ಬಾಣಂತನ ಆದ್ರ, ರಕ್ತ ಕಡಿಮಿ ಆದ್ರ, ಥೈರಾಯ್ಡ್ ಏರುಪೇರಾದ್ರ, ಚಿಂತಿಗೆ, ವಯಸ್ಸಿಗೆ, ಮನಿತನದ ಗುಣಕ್ಕ. ಇಕಿಗೆ ರಕ್ತ ಒಂದೀಟು ಕಡಿಮಿ ಐತಿ, ಗುಳಿಗಿ ಕೊಡ್ತೀನಿ. ಆದ್ರ ರಕ್ತ ಕಡಿಮಿ ಆದ್ರ ಇಡೀ ತಲಿ ತೆಳ್ಳಗಾಗತೈತಿ. ಇಕಿದು ಅಂಚಿನಾಗ ಅಷ್ಟ ಹೋಗೇತಿ. ನಿಮ್ಮ ತಲಿ ಒಂದೀಟು ತೋರಸ್ರಿ."

ನೀಲಗಂಗವ್ವ ಸೆರಗನ್ನು ಇನ್ನೂ ಮುಂದಕ್ಕೆ ಎಳೆದುಕೊಂಡಳು. "ನನ್ನ ತಲಿ ನೋಡಿ ಏನ ಮಾಡ್ತೀರಿ? ಅಕಿ ನನ್ನ ಮಗಳಲ್ಲ, ಸೊಸಿ. ಅಕಿ ರಕ್ತ ಬ್ಯಾರೆ, ನನ್ನ ರಕ್ತ ಬ್ಯಾರೆ."

"ಅದಕ್ಕ ಕೇಳಾಕತ್ತೀನ್ರಿ" ಅಂದಳು ಡಾಕ್ಟರಬಾಯಿ.

ಬಾಗಿಲು ಹಾಕಿಸಿದ ಮೇಲೆ ನೀಲಗಂಗವ್ವ ಸೆರಗು ಸರಿಸಿದಳು. ಕಸ್ತೂರಿ ತನ್ನ ಅತ್ತೆಯ ಹಣೆಯನ್ನು ಪೂರ್ತಿಯಾಗಿ ನೋಡಿದ್ದು ಅಂದೇ ಮೊದಲು. ಕನ್ನಡಿಯಲ್ಲಿ ಎರಡೂ ತಲೆಗಳನ್ನು ಜೊತೆಗಿಟ್ಟು ಡಾಕ್ಟರಬಾಯಿ ತೋರಿಸಿದಳು. ಒಂದರಲ್ಲಿ ಶುರುವಾದದ್ದು ಇನ್ನೊಂದರಲ್ಲಿ ಮುಗಿದಿತ್ತು.

"ಇದು ಎಳದೆಳದು ಆಗಿದ್ದು. ಬಿಗಿ ಬಿಟ್ರ ಇಕಿದು ತಿರುಗಿ ಬರಬಹುದು. ನಿಮ್ಮದು ಭಾಳ ವರ್ಷ ಆಗೇತ್ರಿ, ಬೇರು ಮುಚ್ಚಿಹೋಗ್ಯಾವ. ಇಕಿದೂ ಹಂಗ ಆಗೂಕಿಂತ ಮೊದಲ ಬಿಡ್ರಿ."

ಬಸ್ಸಿನಲ್ಲಿ ನೀಲಗಂಗವ್ವ ಕೆಂಡವಾಗಿದ್ದಳು. ತನ್ನ ಅತ್ತೆ ಸಕ್ಕರೆ ಹಾಕಿ ಕಟ್ಟಿದ ತುರುಬು ತನ್ನ ತಲೆ ತಿಂದಿತು ಎಂದರೆ ಹೇಗೆ ನಂಬುವುದು? ನಂಬಿದರೆ ತಾನು ಸೊಸೆಗೆ ಮಾಡಿದ್ದೇನು ಎಂಬ ಮಾತು ಬರುತ್ತದೆ. "ಓಣ್ಯಾಗ ಒಬ್ಬೊಬ್ಬರದು ಒಂದೊಂದು ಕಾರಣ ಐತಿ. ಎಲ್ಲಾರನ್ನೂ ಕೂಡಿಸಿ ತೋರಸ್ತೀನಿ ತಡಿ. ಆಮ್ಯಾಲೆ ಆ ಡಾಕ್ಟರಬಾಯಿ ಮಾತು ಕೇಳೂಣು" ಅಂದಳು. ನಾನು ಕಸ್ತೂರಿಯ ಮಡಿಲಲ್ಲಿ ಚೀಲದೊಳಗೆ ಇದ್ದೆ.

ಅಮಾವಾಸ್ಯೆಯ ದಿನ ನಮ್ಮ ಊರಲ್ಲಿ ಮಗ್ಗಗಳು ಮಲಗುತ್ತವೆ. ಹೆಂಗಸರು ತಲೆಗೆ ಎರೆದುಕೊಂಡು ಕೂದಲು ಒಣಗಿಸುವುದು ಅಂದೇ, ಅದೂ ಅವರವರ ಹಿತ್ತಲಲ್ಲಿ, ಗೋಡೆಗೆ ಮುಖ ಮಾಡಿ. ಆ ಅಮಾವಾಸ್ಯೆಗೆ ನೀಲಗಂಗವ್ವ ಎಲ್ಲರನ್ನೂ ತನ್ನ ಹಿತ್ತಲಿಗೆ ಕರೆದಳು. ಗಂಡಸರನ್ನು ಹೊರಗಟ್ಟಿ ಬಾಗಿಲಿಗೆ ಚಿಲಕ ಹಾಕಿದಳು. ನಾನು ಹಗ್ಗದ ಮೇಲೆ ಒಣಗುತ್ತ ತೂಗಾಡುತ್ತಿದ್ದೆ.

"ಎಲ್ಲಾರೂ ಸೆರಗ ತಗೀರಿ" ಅಂದಳು ನೀಲಗಂಗವ್ವ.

ಯಾರೂ ತೆಗೆಯಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾನು ಶುರು ಮಾಡದೆ ವಿಧಿಯಿಲ್ಲ ಎಂದು ಅವಳಿಗೂ ಗೊತ್ತಾಯಿತು. ಸೆರಗು ಇಳಿಸಿ, ಬಿಸಿಲಿಗೆ ಹಣೆ ಒಡ್ಡಿ ನಿಂತಳು. ಮದುವೆಯಾದಾಗಿನಿಂದ ಆ ತಲೆಗೆ ನಾಲ್ಕು ಜನರ ಎದುರು ಬಿಸಿಲು ತಾಗಿದ್ದಿಲ್ಲ. ಆಮೇಲೆ ತುಂಗವ್ವ ತೆಗೆದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು.

ನಾನು ಎಷ್ಟೋ ತಲೆ ಕಂಡವನು, ಒಂದೊಂದಾಗಿ ಕಂಡವನು. ಒಟ್ಟಿಗೆ ಕಂಡಾಗ ನನ್ನ ಎಳೆ ಎಳೆಯೂ ನಿಮಿರಿತು. ಬೇರೆ ಬೇರೆ ಊರಿನ ಹೆಣ್ಣುಮಕ್ಕಳು, ಬೇರೆ ಬೇರೆ ತಾಯಂದಿರ ಹೊಟ್ಟೆಯಿಂದ ಬಂದವರು. ಎಲ್ಲರ ಹಣೆಯ ಮೇಲೂ ಒಂದೇ ಗೆರೆ, ಒಂದೇ ಕೈ ಎಳೆದ ಹಾಗೆ. ವಯಸ್ಸಾದವರಲ್ಲಿ ಅಗಲ, ಎಳೆಯರಲ್ಲಿ ಸಣ್ಣದು, ಅಷ್ಟೇ ಭೇದ. ಬೋರಿನ ನೀರಿನವಳದೂ ಅದೇ, ಸಾಬೂನಿನವಳದೂ ಅದೇ, ಗಂಡನ ಚಿಂತೆಯವಳದೂ ಅದೇ.

ತುಂಗವ್ವನ ಬೆನ್ನ ಹಿಂದೆ ಅವಳ ಅಕ್ಕ ರತ್ನವ್ವ ನಿಂತಿದ್ದಳು. ಅದೇ ಓಣಿಗೆ ಮದುವೆಯಾಗಿ ಬಂದವಳು, ಆದರೆ ಗಂಡನ ಮನೆಯಲ್ಲಿ ಮಗ್ಗವಿಲ್ಲ. ಮೊಸರಿನ ಗಡಿಗೆ ಹೊತ್ತು ಮಾರುವವಳು, ಸಡಿಲ ಗಂಟು ಹಾಕಿ ಓಡಾಡುವವಳು. ಅವಳೂ ಸೆರಗು ಇಳಿಸಿದಳು. ನರೆತ ಕೂದಲು, ಆದರೆ ಹಣೆಯವರೆಗೂ ತುಂಬಿ ನಿಂತಿತ್ತು.

ನೀಲಗಂಗವ್ವ ರತ್ನವ್ವನ ಹಣೆಯ ಮೇಲೆ ಕೈಯಿಟ್ಟಳು. ಆ ಕೈಯನ್ನೇ ತುಂಗವ್ವನ ಹಣೆಯ ಮೇಲೆ ಇಟ್ಟಳು. ಒಂದೇ ತಾಯಿಯ ಮಕ್ಕಳು, ಕುಡಿದದ್ದು ಒಂದೇ ನೀರು. ಆಮೇಲೆ ಕೈ ತನ್ನ ಹಣೆಗೆ ಹೋಯಿತು, ಅಲ್ಲಿಯೇ ನಿಂತಿತು.

"ಹಂಗಾರ ನಮ್ಮ ನಾದಿನಿ ಕಣ್ಣಲ್ಲೇನು?" ಅಂದಳು ತುಂಗವ್ವ, ಸಣ್ಣ ದನಿಯಲ್ಲಿ. "ಅಕಿ ಸಾಯೂತನಕ ಅಕಿ ಕೂಡ ಮಾತಾಡಲಿಲ್ಲ ನಾನು."

ಯಾರಿಗೋ ನಗು ಬಂತು, ಯಾರಿಗೋ ಅಳು ಬಂತು. ನೀಲಗಂಗವ್ವ ಎರಡನ್ನೂ ಮಾಡಲಿಲ್ಲ. ಬಂದು ಕಸ್ತೂರಿಯ ಎದುರು ಕೂತಳು. "ನನ್ನ ಕೈಯಾರ ಕಿತ್ತೀನಿ ನಿನ್ನ ಕೂದಲ. ಮಗ್ಗ ಉಳಸ್ತೀನಿ ಅಂತ ಕಿತ್ತೀನಿ" ಅಂದಳು.

ಕಸ್ತೂರಿ ಅತ್ತೆಯ ಸೆರಗನ್ನು ಎತ್ತಿ ಹೆಗಲಿಗೆ ಹೊದಿಸಿದಳು. "ನಿಮ್ಮದನ್ನೂ ಯಾರೋ ಕಿತ್ತಾರಲ್ಲರೀ. ಅವರಿಗೂ ಗೊತ್ತಿರಲಿಲ್ಲ" ಅಂದಳು.

ಆದರೆ ಮಗ್ಗದ ಪ್ರಶ್ನೆ ಹಾಗೆಯೇ ಇತ್ತು. ಸಡಿಲ ಬಿಟ್ಟರೆ ಕೂದಲು ಹಾಸುನೂಲಿನ ಮೇಲೆ ಬೀಳುತ್ತದೆ. ಅದಕ್ಕೆ ದಾರಿ ಹುಡುಕಿದವಳು ನೀಲಗಂಗವ್ವನೇ. ಮರುದಿನ ಸೊಸೆಗೆ ಸಡಿಲ ಜಡೆ ಹೆಣೆದು, ತನ್ನ ಗಂಡನ ಹಳೆಯ ಮೆತ್ತನೆಯ ರುಮಾಲನ್ನು ಎರಡು ಸುತ್ತು ಸುತ್ತಿ, ಕಿವಿಯ ಮೇಲೆ ಹಗುರಾಗಿ ಸಿಕ್ಕಿಸಿದಳು. ತಾನೂ ಒಂದು ಸುತ್ತಿಕೊಂಡಳು. ಹೆಂಗಸರು ರುಮಾಲು ಸುತ್ತಿದ್ದು ಕಂಡು ಓಣಿಯ ಗಂಡಸರು ಬಿದ್ದು ಬಿದ್ದು ನಕ್ಕರು. ಇನ್ನು ಮೀಸೆಯೊಂದು ಬಾಕಿ ಎಂದರು. ಅವರೆಲ್ಲ ಮಗ್ಗಕ್ಕೆ ಕೂರುವಾಗ ತಾತನ ಕಾಲದಿಂದಲೂ ರುಮಾಲು ಸುತ್ತಿದವರೇ.

"ನಗ್ರಿ, ನಗ್ರಿ" ಅಂದಳು ನೀಲಗಂಗವ್ವ. "ನಿಮ್ಮ ಹಣೀ ಮ್ಯಾಲಿನ ಕೂದಲ ಯಾಕ ಉಳದಾವು ಅನ್ನೂದು ಈಗ ತಿಳೀತು ನಮಗ."

ಗಂಡಸರ ಬಾಯಿ ಮುಚ್ಚಿತು. ಒಂದು ಹಬ್ಬ ಕಳೆಯುವುದರೊಳಗೆ ಓಣಿಯ ಮಗ್ಗಗಳ ಮೇಲೆಲ್ಲ ಬಣ್ಣಬಣ್ಣದ ರುಮಾಲುಗಳು ಬಾಗುತ್ತಿದ್ದವು. ಖಣದಲ್ಲಿ ಕೂದಲು ಕಂಡಿತೆಂದು ಮತ್ತೆ ಯಾರೂ ವಾಪಸು ತರಲಿಲ್ಲ.

ನನ್ನ ಕೆಲಸ ಅಲ್ಲಿಗೆ ಮುಗಿಯಿತು. ನನ್ನನ್ನು ಪಡಸಾಲೆಯ ಗೋಡೆಯ ಮೊಳೆಗೆ ತೂಗುಹಾಕಿದರು. ಈಗ ನಾನು ಒಣಗಿ ಕೆಂಪಗಾಗಿದ್ದೇನೆ, ದಾರ ಸಡಿಲವಾಗಿದೆ. ಬೇಸರವಿಲ್ಲ. ಇಲ್ಲಿಂದ ಕಸ್ತೂರಿಯ ಮಗ್ಗ ಚೆನ್ನಾಗಿ ಕಾಣುತ್ತದೆ. ಯೋಚಿಸಲು ಹೊತ್ತೂ ಇದೆ. ನಾನು ಮೊಳದುದ್ದ ಇದ್ದೇನೆ. ಜನ ನನ್ನನ್ನು ನೋಡಿ ಎಂಥ ಕೂದಲು ಎಂದಿದ್ದಾರೆ. ಆದರೆ ಇಷ್ಟು ವರ್ಷದಲ್ಲಿ ನಾನು ಒಂದು ಎಳ್ಳಿನಷ್ಟೂ ಬೆಳೆದಿಲ್ಲ. ಬೆಳೆಯುವುದು ಎಂದರೆ ಏನೆಂದು ನಾನು ಕಂಡದ್ದು ಈ ಮೊಳೆಗೆ ತೂಗುಬಿದ್ದ ನಂತರ.

ಮೊದಲ ಕೆಲವು ತಿಂಗಳು ಏನೂ ಇರಲಿಲ್ಲ. ನೀಲಗಂಗವ್ವನ ಕಣ್ಣಿಗೆ ಪೊರೆ ಬಂದು ಸರಿಯಾಗಿ ಕಾಣುತ್ತಿರಲಿಲ್ಲ. ಹಾಗಾಗಿ ದಿನವೂ ಸೊಸೆಗೆ ರುಮಾಲು ಸುತ್ತುವ ಮೊದಲು ಅವಳ ಹಣೆಯ ಅಂಚಿನ ಮೇಲೆ ಬೆರಳಾಡಿಸಿ ನೋಡುತ್ತಿದ್ದಳು. ನುಣುಪು. ಮತ್ತೂ ನುಣುಪು. ಬರುವುದಿಲ್ಲವೇನೋ ಎಂದು ಅವಳ ಮುಖ ದಿನದಿನಕ್ಕೆ ಬಾಡುತ್ತಿತ್ತು. ಕಸ್ತೂರಿ ತನಗಿಂತ ಹೆಚ್ಚಾಗಿ ಅತ್ತೆಗಾಗಿ ಕಾಯುತ್ತಿದ್ದಳು. ಆಮೇಲೆ ಒಂದು ಬೆಳಿಗ್ಗೆ ಬೆರಳು ತಡೆಯಿತು. ಎಳೆ ಸೌತೆಕಾಯಿಯ ಮೇಲಿನ ನವಿರಿನಷ್ಟು ಸಣ್ಣದು ಏನೋ ತಾಗಿತು. ನೀಲಗಂಗವ್ವ ಬಾಯಿ ಬಿಡಲಿಲ್ಲ, ಎಲ್ಲಿ ಹೇಳಿದರೆ ಹೋಗಿಬಿಡುತ್ತದೋ ಎಂದು.

ಇವತ್ತು ಅವು ಚಿವುಟಿದರೆ ಸಿಗುವಷ್ಟು ಬೆಳೆದಿವೆ. ಬಾಗಿಲ ಬೆಳಕಿಗೆ ಸೊಸೆಯನ್ನು ಕೂರಿಸಿಕೊಂಡು ನೀಲಗಂಗವ್ವ ಎರಡು ಬೆರಳಿನ ನಡುವೆ ಆ ಮರಿಗೂದಲನ್ನು ಹಿಡಿದಳು.

"ಬಂದಾವು, ಕಸ್ತೂರಿ. ಕೈಗೆ ಸಿಕ್ಕಾವು ನೋಡು" ಅಂದಳು.

"ಹೌದ್ರಿ" ಎಂದು ಕಸ್ತೂರಿ ನಕ್ಕಳು. "ಒಂದೀಟು ಹಗೂರ ಹಿಡೀರಿ, ಅತ್ಯಾರ."

ನೀಲಗಂಗವ್ವ ಬೆಂಕಿ ಮುಟ್ಟಿದವಳ ಹಾಗೆ ಕೈ ಬಿಟ್ಟಳು. ಬಿಟ್ಟ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

"ಎಳಿಯಂಗಿಲ್ಲ ಯವ್ವಾ" ಅಂದಳು. "ಇನ್ನ ಎಳಿಯಂಗಿಲ್ಲ."